ಅಮೆರಿಕದ ಕ್ಯಾಟಲಾಗ್ ಲಂಗಕ್ಕೆ ಅಜ್ಜಿಯ ಅಡಿಕೆ ಕಲೆ: ತೆಗೆಯಲಾ, ಬಿಡಲಾ?

ಹಳೇ ಪೆಟ್ಟಿಗೆ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ. ಕಾಫಿ ಲೋಟ ಹಿಡಿದುಕೊಂಡೇ ಓದಿ.

ನಾನು ಹಳೆಯ ಕ್ಯಾಟಲಾಗ್ ಬಟ್ಟೆ ಸೇರಿಸುತ್ತೇನೆ. ಅಮೆರಿಕದಲ್ಲಿ ಒಂದು ಕಾಲಕ್ಕೆ ಜನ ದಪ್ಪ ಪುಸ್ತಕದಲ್ಲಿ ಚಿತ್ರ ನೋಡಿ, ಚೀಟಿ ತುಂಬಿ ಕಳಿಸಿ, ಅಂಚೆಯಲ್ಲಿ ತರಿಸಿಕೊಳ್ಳುತ್ತಿದ್ದರಲ್ಲ, ಆ ಬಟ್ಟೆ. ಮಾಂಟ್ಗೊಮೆರಿ ವಾರ್ಡ್ ಅನ್ನುವವನು 1872ರಲ್ಲಿ ಒಂದೇ ಹಾಳೆಯ ಬೆಲೆಪಟ್ಟಿಯಿಂದ ಶುರು ಮಾಡಿದ ವ್ಯಾಪಾರ ಅದು. ಆಮೇಲೆ ಸಿಯರ್ಸ್ ಬಂತು. ನೂರು ವರ್ಷ ಕಳೆಯುವ ಹೊತ್ತಿಗೆ ಅವರ ಪುಸ್ತಕ ಸಾವಿರ ಪುಟ ದಾಟಿತ್ತು. ನಮ್ಮ ಅಡಿಕೆ ಮೂಟೆಗೆ ಒರಗಿಸಿದರೆ ಮೂಟೆ ಬೀಳದೆ ನಿಲ್ಲುವಷ್ಟು ದಪ್ಪ. ವಾರ್ಡ್‌ನವರು 1985ರಲ್ಲಿ ಕ್ಯಾಟಲಾಗ್ ನಿಲ್ಲಿಸಿದರು, ಸಿಯರ್ಸ್‌ನವರು 1993ರಲ್ಲಿ.

ಶಿವಮೊಗ್ಗದಲ್ಲಿ ಕೂತವಳಿಗೆ ಈ ಹುಚ್ಚು ಯಾಕೆ ಅಂತ ನಮ್ಮ ಮನೆಯವರೇ ಕೇಳುತ್ತಾರೆ. ಬೇರೆ ಹಳೆ ಬಟ್ಟೆಗೆ ಇಲ್ಲದ್ದು ಇದಕ್ಕೊಂದು ಇದೆ: ಜಾತಕ. ಯಾವ ವರ್ಷದ ಯಾವ ಪುಸ್ತಕದ ಎಷ್ಟನೇ ಪುಟ ಅಂತ ಸಿಕ್ಕಿಬಿಟ್ಟರೆ, ಬಟ್ಟೆಯ ಹೆಸರು, ಬಣ್ಣ, ಅಳತೆ, ಬೆಲೆ, ಕೊನೆಗೆ ಅಂಚೆ ತೂಕ ಕೂಡ ಅಲ್ಲೇ ಬರೆದಿರುತ್ತದೆ. ನಾನು ಸಹಕಾರ ಸಂಘದಲ್ಲಿ ಸಾಲದ ಕಾಗದ ನೋಡುವವಳು. ಪಹಣಿ ಇಲ್ಲದ ಜಮೀನು, ಪುಟ ಇಲ್ಲದ ಬಟ್ಟೆ, ಎರಡನ್ನೂ ಸುಲಭಕ್ಕೆ ನಂಬುವುದಿಲ್ಲ.

ದುಡ್ಡು ಕೊಟ್ಟು ತರಿಸುವುದಿಲ್ಲ. ನಮ್ಮ ಕಡೆ ಎರಡು ಮನೆಗೆ ಒಂದರಲ್ಲಿ ಯಾರೋ ಡಾಕ್ಟರೋ ಇಂಜಿನಿಯರೋ ಆಗಿ ಹೋಗಿರುತ್ತಾರೆ. ಹೋದವರು ರಜೆಗೆ ಬಂದಾಗ ಬಟ್ಟೆ ಬಿಟ್ಟು, ವಾಪಸ್ ಹೋಗುವಾಗ ಉಪ್ಪಿನಕಾಯಿ ತುಂಬಿಕೊಂಡು ಹೋಗಿರುತ್ತಾರೆ. ಬಿಟ್ಟಿದ್ದೆಲ್ಲ ಅಟ್ಟದಲ್ಲಿ. ಹಾಗೆ ಹನ್ನೊಂದು ಸೇರಿವೆ. ಅದರಲ್ಲಿ ಮೂರಕ್ಕೆ ಪುಟ ಸಿಕ್ಕಿದೆ.

ಈಗ ಹನ್ನೆರಡನೆಯದು. ತೀರ್ಥಹಳ್ಳಿ ಹತ್ತಿರ ನಮ್ಮ ಅಜ್ಜಿ ಮನೆ. ಮೇ ತಿಂಗಳಲ್ಲಿ ಮಳೆಗೆ ಮುಂಚೆ ಹೆಂಚು ಸರಿ ಮಾಡಿಸುವಾಗ ಅಟ್ಟದ ಟ್ರಂಕನ್ನು ಕೆಳಗೆ ಇಳಿಸಿದರು. ಒಳಗೆ ಹಳೆ ಪಂಚಾಂಗ, ಒಡೆದ ರೇಡಿಯೋ, ಎರಡು ಸ್ವೆಟರು. ಅಡಿಗೆ ಒಂದು ಲಂಗ. ತಿಳಿ ಹಳದಿ ಹತ್ತಿ ಬಟ್ಟೆ, ಮೇಲೆ ನೀಲಿ ಸಣ್ಣ ಹೂವು. ಸೊಂಟಕ್ಕೆ ಸುತ್ತಿ ಕಟ್ಟಿಕೊಳ್ಳುವಂಥದ್ದು. ಜಿಪ್ಪೂ ಇಲ್ಲ, ಗುಂಡಿಯೂ ಇಲ್ಲ, ಎರಡು ಕಡೆ ಉದ್ದ ಲಾಡಿ. ಒಂದು ದೊಡ್ಡ ಜೇಬು. ಇದು ನಮ್ಮ ಸೋದರತ್ತೆಯದು. ಅತ್ತೆ 1977ರಲ್ಲಿ ಮಾವನ ಜೊತೆ ಓಹಾಯೋದ ಒಂದು ಸಣ್ಣ ಊರಿಗೆ ಹೋದರು. ಮೊದಲ ಸಲ ವಾಪಸ್ ಬಂದಿದ್ದು 1981ರ ಕೊನೆಗೆ, ಚಿಕ್ಕಪ್ಪನ ಮದುವೆಗೆ. ಅವರು ಆಗೆಲ್ಲ ಬಟ್ಟೆ ತರಿಸುತ್ತಿದ್ದುದೇ ಕ್ಯಾಟಲಾಗಿನಿಂದ. ಆದರೆ ಸೊಂಟಪಟ್ಟಿಯ ಲೇಬಲ್ಲನ್ನು ಕತ್ತರಿಯಿಂದ ತೆಗೆದಿದ್ದಾರೆ. ಅತ್ತೆಗೆ ಲೇಬಲ್ ಚುಚ್ಚಿದರೆ ಆಗುವುದಿಲ್ಲ, ಈಗಲೂ.

ತೊಂದರೆ ಇರುವುದು ಮುಂದೆ. ಅತ್ತೆ ಬಿಟ್ಟು ಹೋದ ಮೇಲೆ ಈ ಲಂಗವನ್ನು ನಮ್ಮ ಅಜ್ಜಿ ಉಪಯೋಗಿಸಿದ್ದಾರೆ. ಹೇಗೆ ಗೊತ್ತಾ? ಅಡಿಕೆ ಸುಲಿಯುವಾಗ ಸೀರೆಯ ಮೇಲೆ ಕಟ್ಟಿಕೊಳ್ಳುವುದಕ್ಕೆ! ನನಗೂ ಮಸುಕಾಗಿ ನೆನಪಿದೆ. ರಾತ್ರಿ ಊಟ ಆದ ಮೇಲೆ ಅಂಗಳದಲ್ಲಿ ಸಾಲಾಗಿ ಮೆಟ್ಟುಗತ್ತಿ, ಅಜ್ಜಿ ತುದಿಯಲ್ಲಿ, ಸೊಂಟದಲ್ಲಿ ಹಳದಿ ಹೂವಿನ ಏನೋ. ಅದು ಅಮೆರಿಕದ ಲಂಗ ಅಂತ ಆಗ ಯಾರಿಗೆ ಗೊತ್ತು. ಅಜ್ಜಿ ತೀರಿಕೊಂಡು ಆರು ವರ್ಷ ಆಯಿತು.

ಈಗ ಲಂಗದ ನಡುಭಾಗದಲ್ಲಿ ತೊಡೆಯಷ್ಟು ಅಗಲಕ್ಕೆ ಕಂದು ಕಲೆ. ಹಸಿ ಅಡಿಕೆಯ ಕಲೆ ಗೊತ್ತಲ್ಲ, ಸುಗ್ಗಿ ಮುಗಿದು ತಿಂಗಳಾದರೂ ಉಗುರಿಂದ ಹೋಗುವುದಿಲ್ಲ. ಅದರ ಜೊತೆ ಸೊಂಟಪಟ್ಟಿಯ ಹತ್ತಿರ ಎಂಟಾಣೆಯಷ್ಟು ಅಗಲದ ಒಂದು ಕಲೆ ಇದೆ. ಅದು ಕಂದು ಅಲ್ಲ. ಮಸಿ ಚೆಲ್ಲಿದಂತೆ ಕಡುಕಪ್ಪು. ಅಜ್ಜಿ ಬರೆಯುತ್ತಿದ್ದವರಲ್ಲ, ಮಸಿ ಎಲ್ಲಿಂದ ಬಂತು? ಒಂದು ಲಾಡಿ ಹರಿದು, ಅಲ್ಲಿಗೆ ಕೆಂಪು ಅಂಚಿನ ಪಾಣಿಪಂಚೆಯ ಚೂರು ಸೇರಿಸಿ ಹೊಲಿದಿದ್ದಾರೆ.

ಯಾವ ವರ್ಷದ್ದು ಅಂತ ಹೇಗೆ ಕಂಡುಹಿಡಿಯುವುದು? ಕಲೆ ತೆಗೆಯಲಾ, ಬಿಡಲಾ? ಆ ಕಪ್ಪು ಏನು? ಅಮ್ಮ ಇದನ್ನು ಮಸಿಬಟ್ಟೆ ಮಾಡಲು ಕತ್ತರಿ ಹಿಡಿದು ನಿಂತಿದ್ದಾರೆ. ಬೇಗ ಹೇಳಿ.

ಲೇಬಲ್ ಹುಚ್ಚ, ಬೆಂಗಳೂರು, ಊರು ಕೊಪ್ಪ

ಮೇಡಂ, ಸೊಂಟದ ಲೇಬಲ್ ಹೋದರೆ ಹೋಗಲಿ. ಪಕ್ಕದ ಹೊಲಿಗೆಯನ್ನು ಒಳಗಿನಿಂದ ಮೇಲಿಂದ ಕೆಳಗಿನವರೆಗೆ ಬೆರಳಾಡಿಸಿ ನೋಡಿ. ಅಲ್ಲಿ ಸಣ್ಣ ಬಿಳಿ ಪಟ್ಟಿ ಇರಬೇಕು. ಕಂಪನಿ ಹೆಸರಿಗಿಂತ ಅದೇ ಜಾಸ್ತಿ ಮಾತಾಡುತ್ತದೆ.

ಯಾವ ನೂಲು, ಎಷ್ಟು ಪಾಲು ಅಂತ ಬಟ್ಟೆಯ ಮೇಲೆ ಬರೆಯಲೇಬೇಕು ಅನ್ನುವ ಕಾನೂನು ಅಮೆರಿಕದಲ್ಲಿ ಜಾರಿಗೆ ಬಂದಿದ್ದು 1960ರಲ್ಲಿ. ಹೇಗೆ ಒಗೆಯಬೇಕು ಅನ್ನುವ ಪಟ್ಟಿ ಕಡ್ಡಾಯವಾಗಿದ್ದು 1972ರಲ್ಲಿ. ಮಾತಿನ ಬದಲು ಬರೀ ಚಿಹ್ನೆ ಹಾಕಬಹುದು ಅಂತ ಆಗಿದ್ದು 1997ರಲ್ಲಿ. ನಿಮ್ಮದರಲ್ಲಿ ಒಗೆಯುವ ಮಾತು ಇದ್ದು, ಬಕೆಟ್ಟು ಇಸ್ತ್ರಿಪೆಟ್ಟಿಗೆಯ ಚಿತ್ರ ಇಲ್ಲದಿದ್ದರೆ ಈ ನಡುವಿನದು.

ಆಮೇಲೆ ಸಂಘದ ಮುದ್ರೆ. ಅಲ್ಲಿನ ಹೆಂಗಸರ ಬಟ್ಟೆ ಹೊಲಿಯುವ ಕಾರ್ಮಿಕರಿಗೆ 1900ರಿಂದ ಒಂದು ದೊಡ್ಡ ಯೂನಿಯನ್ ಇತ್ತು. ಅವರ ಕೈಯಲ್ಲಿ ಹೊಲಿದ ಬಟ್ಟೆಗೆ ಒಂದು ಬೆರಳುಗುರಿನಷ್ಟು ಪಟ್ಟಿ ಸೇರಿಸುತ್ತಿದ್ದರು. ಕೆಂಪು, ಬಿಳಿ, ನೀಲಿ ಮೂರೂ ಬಣ್ಣ ಇರುವ ಮುದ್ರೆ ಬಂದಿದ್ದು 1974ರಲ್ಲಿ. 1995ರಲ್ಲಿ ಆ ಯೂನಿಯನ್ನು ಇನ್ನೊಂದರ ಜೊತೆ ಸೇರಿಹೋಯಿತು, ಮುದ್ರೆಯೂ ನಿಂತಿತು.

ಮೂರನೆಯದು ಆರ್‌ಎನ್ ನಂಬರ್. ಅಲ್ಲಿನ ಸರ್ಕಾರ ಬಟ್ಟೆ ಕಂಪನಿಗಳಿಗೆ ಕೊಡುವ ನೋಂದಣಿ ಸಂಖ್ಯೆ. ನಂಬರ್ ಹಾಕಿ ಕಂಪನಿ ಹುಡುಕುವ ಜಾಲತಾಣ ಇದೆ, ಪುಕ್ಕಟೆ. ಸಂಗ್ರಹಕಾರರು ಒಂದು ಅಂದಾಜು ಲೆಕ್ಕ ಮಾಡುತ್ತಾರೆ: ನಂಬರಿನಿಂದ 13,670 ಕಳೆಯಿರಿ, 2,635ರಿಂದ ಭಾಗಿಸಿ, ಬಂದಿದ್ದಕ್ಕೆ 1959 ಕೂಡಿ. ಅದು ಕಂಪನಿ ನೋಂದಾಯಿಸಿದ ವರ್ಷ ಮಾತ್ರ. ಲಂಗ ಹೊಲಿದ ವರ್ಷ ಅಲ್ಲ. ಅದಕ್ಕಿಂತ ಹಿಂದಿನದ್ದಂತೂ ಅಲ್ಲ ಅಂತ ತಿಳಿಯುತ್ತದೆ, ಅಷ್ಟೇ.

ಇನ್ನು ಬೇಜಾರಿನ ಮಾತು. ಅಷ್ಟು ಕಲೆ ಇರುವ ಬಟ್ಟೆಗೆ ಸಂಗ್ರಹದಲ್ಲಿ ಬೆಲೆ ಇಲ್ಲ. ಅಲ್ಲಿನವರು ಇಂಥದ್ದನ್ನು ಕಟರ್ ಅನ್ನುತ್ತಾರೆ. ಕತ್ತರಿಸಿ ಬೇರೆ ಏನಾದರೂ ಮಾಡಲು ಮಾತ್ರ ಲಾಯಕ್ಕು ಅಂತ. ಆ ಕಾಲದ ಸುತ್ತುಲಂಗಗಳು ಕಡಿಮೆಯೇನಿಲ್ಲ, ಎಪ್ಪತ್ತರ ದಶಕದಲ್ಲಿ ಅದು ಮನೆಮನೆಯಲ್ಲಿ ಇತ್ತು. ಶುಭ್ರವಾದದ್ದು ಇನ್ನೊಂದು ಸಿಗುತ್ತದೆ. ಹಾಗಂತ ಹೊರಗಿನಿಂದ ಅಂಚೆಯಲ್ಲಿ ತರಿಸಲು ಹೋಗಬೇಡಿ. ಬಳಸಿದ ಬಟ್ಟೆಯ ಆಮದು ನಮ್ಮ ದೇಶದಲ್ಲಿ ನಿರ್ಬಂಧಿತ ಪಟ್ಟಿಯಲ್ಲಿದೆ. ನನ್ನದೊಂದು ಪಾರ್ಸೆಲ್ಲು ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡು, ಓಡಾಡಿದ ಖರ್ಚೇ ಶರ್ಟಿನ ಎರಡರಷ್ಟಾಯಿತು. ಯಾರಾದರೂ ಊರಿಗೆ ಬರುವಾಗ ಹಾಕಿಕೊಂಡು ಬರಲಿ.

ಹಳೇ ಪೆಟ್ಟಿಗೆ, ಶಿವಮೊಗ್ಗ

ಕಟರ್ ಅಂತೆ. ಅಮ್ಮನಿಗೆ ಓದಿ ಹೇಳಿದೆ. ನೋಡು, ಅಮೆರಿಕದವರೂ ನನ್ನ ಮಾತೇ ಹೇಳುತ್ತಾರೆ ಅಂದರು.

ಆದರೆ ಪಟ್ಟಿ ಸಿಕ್ಕಿತು! ಎಡಗಡೆ ಹೊಲಿಗೆಯ ಒಳಗೆ, ಸುರುಳಿಯಾಗಿ ಅಂಟಿಕೊಂಡಿತ್ತು. ನೂರಕ್ಕೆ ನೂರು ಹತ್ತಿ ಅಂತಿದೆ. ಬೆಚ್ಚಗಿನ ನೀರಲ್ಲಿ ಮೆಷಿನ್ನಿಗೆ ಹಾಕಿ ಅಂತ ಇಂಗ್ಲಿಷಿನಲ್ಲಿ ಬರೆದಿದೆ, ಚಿತ್ರ ಇಲ್ಲ. ಅದರ ಹಿಂದೆ ಮೂರು ಬಣ್ಣದ ಮುದ್ರೆ ಇದೆ. ಆರ್‌ಎನ್ ನಂಬರಿನ ಕೊನೆಯ ಅಂಕಿಗಳು ಮಾಸಿವೆ, ಮುಂದಿನ ಎರಡು 59 ಅಂತ ಕಾಣುತ್ತದೆ. ಐದಂಕಿಯ ಸಂಖ್ಯೆ. 59,000ಕ್ಕೇ ಲೆಕ್ಕ ಹಾಕಿದೆ. 13,670 ಕಳೆದರೆ 45,330. ಭಾಗಿಸಿದರೆ ಹದಿನೇಳು ಚಿಲ್ಲರೆ. ಅಂದರೆ 1976. ಅತ್ತೆ ಮೊದಲ ಸಲ ಬಂದಿದ್ದು 1981ರಲ್ಲಿ. ಆರು ವರ್ಷದ ಒಳಗೆ ಸಿಕ್ಕಿಬಿತ್ತು. ಸಾಲದ ಫೈಲಿನಲ್ಲಿ ಇಷ್ಟು ಸಿಕ್ಕರೆ ನಾನು ಸಹಿ ಹಾಕಿಬಿಡುತ್ತೇನೆ.

ಲೇಬಲ್ ಹುಚ್ಚ, ಬೆಂಗಳೂರು, ಊರು ಕೊಪ್ಪ

ಅತ್ತೆ ಹೋಗಿದ್ದೇ 1977ರಲ್ಲಿ ಅಲ್ವಾ, 1976 ಬಿಡಿ. ದೊಡ್ಡ ಕ್ಯಾಟಲಾಗುಗಳು ವರ್ಷಕ್ಕೆ ಎರಡು ಬರುತ್ತಿದ್ದವು. ವಸಂತ ಮತ್ತು ಬೇಸಿಗೆಗೆ ಒಂದು, ಶರತ್ ಮತ್ತು ಚಳಿಗೆ ಒಂದು. ತೆಳು ಹತ್ತಿಯ ಹೂವಿನ ಲಂಗ ಬೇಸಿಗೆ ಪುಸ್ತಕದ್ದೇ ಇರಬೇಕು. ಒಂದೊಂದು ಕಂಪನಿಗೆ ಐದು ಪುಸ್ತಕ ನೋಡಿದರೆ ಮುಗಿಯಿತು. ಇಂಟರ್ನೆಟ್ ಆರ್ಕೈವಿನಲ್ಲಿ ಹಳೆಯ ಕ್ಯಾಟಲಾಗುಗಳ ಸ್ಕ್ಯಾನ್ ಪ್ರತಿಗಳಿವೆ. ಎಲ್ಲ ವರ್ಷದ್ದೂ ಇಲ್ಲ. ಲಂಗವನ್ನು ತೂಕ ಮಾಡಿ ಇಟ್ಟುಕೊಳ್ಳಿ, ಪುಟದಲ್ಲಿರುವ ಅಂಚೆ ತೂಕದ ಜೊತೆ ತಾಳೆ ನೋಡಲು ಬರುತ್ತದೆ. ಅದರಲ್ಲಿ ಕಾಗದದ ತೂಕವೂ ಸೇರಿರುತ್ತದೆ ಅನ್ನುವುದು ನೆನಪಿರಲಿ.

ಕಟರ್ ಅಂದಿದ್ದು ನಾನಲ್ಲ ಮೇಡಂ, ಮಾರ್ಕೆಟ್ಟು.

ಕಾಜಾ ಗುಂಡಿ, ಸಾಗರ

ಅಕ್ಕಾ, ನಾನು ಮೂವತ್ತು ವರ್ಷದಿಂದ ಹೊಲಿಯುವವನು. ಕ್ಯಾಟಲಾಗು ಗೊತ್ತಿಲ್ಲ, ಹೊಲಿಗೆ ಗೊತ್ತು.

ಮೊದಲು ಆ ಪಾಣಿಪಂಚೆ ಲಾಡಿ ಬಿಚ್ಚಬೇಡಿ. ಚಂದ ಕಾಣಲಿ ಅಂತ ಹೊಸ ಬಟ್ಟೆ ಹಾಕಿಸಲು ನನ್ನ ಹತ್ತಿರ ಬಂದವರಿಗೆಲ್ಲ ಇದನ್ನೇ ಹೇಳುತ್ತೇನೆ. ನಿಮ್ಮ ಅಜ್ಜಿ ಹಳೆ ಪಂಚೆ ಯಾಕೆ ಆರಿಸಿದರು ಗೊತ್ತಾ? ಹತ್ತಾರು ಸಲ ಒಗೆದು ಮೆತ್ತಗಾದ ಬಟ್ಟೆ, ಹಳೆ ಬಟ್ಟೆಯನ್ನು ಎಳೆಯುವುದಿಲ್ಲ. ಹೊಸ ಗಟ್ಟಿ ಬಟ್ಟೆ ಹಾಕಿದ್ದರೆ ಇಷ್ಟು ಹೊತ್ತಿಗೆ ಸೊಂಟಪಟ್ಟಿ ಹರಿದು ಬರುತ್ತಿತ್ತು. ಕೈಹೊಲಿಗೆಯ ಫೋಟೋ ಹತ್ತಿರದಿಂದ ತೆಗೆದು ಹಾಕಿ, ನೋಡುವ ಆಸೆ.

ಕೆಳಗಿನ ಅಂಚು ನೋಡಿ. ಹೊರಗಿನಿಂದ ಸೂಜಿಮೊನೆಯಷ್ಟು ಚುಕ್ಕೆ ಮಾತ್ರ ಕಂಡರೆ ಅದು ಫ್ಯಾಕ್ಟರಿಯ ಅಡಗುಹೊಲಿಗೆ ಮೆಷಿನ್ನಿನದು. ಒಂದು ಕಡೆ ನೂಲು ಬಿಚ್ಚಿಕೊಂಡಿದ್ದರೆ ಎಳೆಯಬೇಡಿ, ಪರಪರ ಅಂತ ಪೂರ್ತಿ ಸುತ್ತೂ ಬಂದುಬಿಡುತ್ತದೆ. ತುದಿಗೆ ಒಂದು ಗಂಟು ಹಾಕಿ ಸುಮ್ನೆ ಬಿಡಿ.

ಬಟ್ಟೆ ಹತ್ತಿ ಅಂತ ಬರೆದಿದ್ದರೂ ಹೊಲಿಗೆಯ ನೂಲು ಹತ್ತಿ ಇರಬೇಕು ಅಂತಿಲ್ಲ. ಒಳಗಿನಿಂದ ಒಂದೆಳೆ ಕತ್ತರಿಸಿ ಬೆಂಕಿಗೆ ಹಿಡಿಯಿರಿ. ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರಿದರೆ ಹತ್ತಿ. ಕರಗಿ ಸಾಸಿವೆಯಂತೆ ಗಟ್ಟಿ ಗುಂಡಾದರೆ ಪಾಲಿಯೆಸ್ಟರ್. ಪಾಲಿಯೆಸ್ಟರ್ ನೂಲಾದರೆ ಜಾಸ್ತಿ ಎಳೆಯಬೇಡಿ, ನೂಲು ಉಳಿದು ಬಟ್ಟೆಯೇ ಹರಿಯುತ್ತದೆ.

ಆ ಕಪ್ಪು ಕಲೆಯ ಜಾಗದಲ್ಲಿ ಸೊಂಟಪಟ್ಟಿಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿ. ಗಟ್ಟಿಯಾಗಿ ಏನಾದರೂ ಸಿಗುತ್ತದಾ? ನನಗೊಂದು ಅನುಮಾನ ಇದೆ.

ಹಳೇ ಪೆಟ್ಟಿಗೆ, ಶಿವಮೊಗ್ಗ

ಸಿಕ್ಕಿತು ಮಾರಾಯ್ರೇ! ಪಟ್ಟಿಯ ಮಡಿಕೆಯೊಳಗೆ ಒಂದು ಪಿನ್ನು. ತುಕ್ಕು ತಿಂದು ಅರ್ಧ ಆಗಿದೆ. ಅಜ್ಜಿ ಲಾಡಿ ಜಾರದಿರಲಿ ಅಂತ ಚುಚ್ಚಿದ್ದು ಅಲ್ಲೇ ಉಳಿದಿದೆ. ಆದರೆ ತುಕ್ಕು ಕೆಂಪಗೆ ಇರಬೇಕಲ್ಲ? ಇದು ಯಾಕೆ ಕಪ್ಪು?

ಚೊಗರು, ಹೆಗ್ಗೋಡು ಕಡೆ

ನನ್ನ ಹೆಸರು ನೋಡಿದ ಮೇಲೆ ಉತ್ತರ ಕೊಡದೆ ಇರಲು ಆಗುತ್ತದಾ.

ಅಕ್ಕಾ, ನಿಮ್ಮ ಅಜ್ಜಿ ಗೊತ್ತಿಲ್ಲದೆ ಮಸಿ ತಯಾರಿಸಿದ್ದಾರೆ. ಹಳೆ ಕಾಲದಲ್ಲಿ ಬರೆಯುವ ಮಸಿ ಮಾಡುತ್ತಿದ್ದುದೇ ಹೀಗೆ. ಒಗರು ಇರುವ ಕಾಯಿ, ತೊಗಟೆಯ ರಸಕ್ಕೆ ಕಬ್ಬಿಣ ಸೇರಿದರೆ ಕಪ್ಪು. ಅಳಲೆಕಾಯಿಗೂ ಅಷ್ಟೇ, ಅಡಿಕೆಗೂ ಅಷ್ಟೇ. ಹಸಿ ಅಡಿಕೆಯಲ್ಲಿ ಒಗರಿನ ಅಂಶ ತುಂಬಾ. ಅದು ಬಟ್ಟೆಗೆ ತಾಗಿದಲ್ಲೆಲ್ಲ ಕಂದು ಆಯಿತು. ಪಿನ್ನಿನ ತುಕ್ಕು ಬೆವರಿನ ಒದ್ದೆಯಲ್ಲಿ ಕರಗಿ ಅದರ ಜೊತೆ ಸೇರಿದಲ್ಲಿ ಕಪ್ಪಾಯಿತು. ಮೆಟ್ಟುಗತ್ತಿಯಲ್ಲಿ ಸುಲಿಯುವವರ ಬೆರಳು ಕರ್ರಗೆ ಆಗುವುದೂ ಇದೇ ಕಾರಣಕ್ಕೆ. ಕತ್ತಿ ಕಬ್ಬಿಣದ್ದಲ್ವಾ.

ನಾನು ಬಣ್ಣದ ಕೆಲಸ ಮಾಡಿದವಳು. ನಮ್ಮ ಕಡೆ ಭೀಮನಕೋಣೆಯಲ್ಲಿ ಚರಕ ಸಂಸ್ಥೆಯವರು ಕೈಮಗ್ಗದ ಬಟ್ಟೆಗೆ ಅಡಿಕೆ ಚೊಗರಿನ ಬಣ್ಣ ಹಾಕುವುದು ನಿಮಗೆ ಗೊತ್ತಿರಬಹುದು. ಸುಲಿದ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿ ಬೇಯಿಸಿ ಉಳಿಯುವ ಗಟ್ಟಿ ಕೆಂಪು ನೀರೇ ಚೊಗರು. ಮನೆಯಲ್ಲಿ ಅದನ್ನು ಮತ್ತೆ ಅಡಿಕೆಗೇ ಹಾಕುತ್ತಾರೆ, ಬಣ್ಣ ಬರಲಿ ಅಂತ. ಬಟ್ಟೆಗೆ ಹಾಕುವಾಗ ಪಟಿಕ ಸೇರಿಸಿದರೆ ಕೆಂಗಂದು ಉಳಿಯುತ್ತದೆ. ಕಬ್ಬಿಣದ ನೀರು ಸೇರಿಸಿದರೆ ಬೂದಿ, ಕಪ್ಪು. ಜನ ದುಡ್ಡು ಕೊಟ್ಟು ಕೊಳ್ಳುವ ಬಣ್ಣವನ್ನು ನೀವು ಕಲೆ ಅನ್ನುತ್ತಿದ್ದೀರಿ, ಇರಲಿ.

ನನ್ನ ಅಭಿಪ್ರಾಯ: ಕಂದನ್ನು ಬಿಡಿ, ಕಪ್ಪನ್ನು ತೆಗೆಯಿರಿ. ಚಂದಕ್ಕಲ್ಲ. ಕಂದು ಬಟ್ಟೆಗೆ ಹೆಚ್ಚು ತೊಂದರೆ ಕೊಡುವುದಿಲ್ಲ. ಕಬ್ಬಿಣ ಹಾಗಲ್ಲ. ಅದು ನೂಲಿನ ಒಳಗೇ ಕೂತು ವರ್ಷ ವರ್ಷ ಹತ್ತಿಯನ್ನು ತಿನ್ನುತ್ತದೆ. ಹಳೆಯ ಅಚ್ಚಿನ ಸೀರೆಗಳಲ್ಲಿ ನೋಡಿ, ಕೆಂಪು ಹೂವು ಗಟ್ಟಿ ಇರುತ್ತದೆ, ಕಪ್ಪು ಗೆರೆ ಮಾತ್ರ ಉದುರಿ ತೂತಾಗಿರುತ್ತದೆ.

ಹೇಗೆ ತೆಗೆಯುವುದು? ಮೊದಲು ಪಿನ್ನು ಬಿಡಿಸಿ. ಎಳೆಯಬೇಡಿ, ಪಟ್ಟಿಯ ನಾಲ್ಕು ಹೊಲಿಗೆ ಬಿಚ್ಚಿ ಒಳಗಿನಿಂದ ಹೊರಕ್ಕೆ ತನ್ನಿ. ಆಮೇಲೆ ನೀಲಿ ಹೂವು ಬಣ್ಣ ಬಿಡುತ್ತದಾ ನೋಡಿ. ಲಾಡಿಯ ಒಳತುದಿಗೆ ಎರಡು ಹನಿ ನಿಂಬೆರಸ ಹಾಕಿ, ಬಿಳಿ ಬಟ್ಟೆ ಒತ್ತಿ ಹಿಡಿಯಿರಿ. ಬಿಳಿ ಬಿಳಿಯಾಗೇ ಇದ್ದರೆ ಮುಂದಕ್ಕೆ ಹೋಗಿ. ಕಪ್ಪು ಕಲೆಯ ಅಡಿಗೆ ಮಡಿಸಿದ ಹಳೆ ಪಂಚೆ ಇಟ್ಟು, ನಿಂಬೆರಸವನ್ನು ಹನಿಹನಿಯಾಗಿ ಬಿಡಿ. ಐದು ನಿಮಿಷ ಕಾದು ತೊಳೆಯಿರಿ. ಉಜ್ಜಬೇಡಿ. ರಸ ಬಟ್ಟೆಯಲ್ಲಿ ಒಣಗಲು ಬಿಡಬೇಡಿ. ನಾಲ್ಕೈದು ಸಲ ಮಾಡಿದರೆ ಕಪ್ಪು ಇಳಿದು ಕಂದಿಗೆ ಬರುತ್ತದೆ. ಅಲ್ಲಿಗೆ ನಿಲ್ಲಿಸಿ.

ಬೋರ್‌ವೆಲ್ ನೀರಿನಲ್ಲಿ ಮಾತ್ರ ತೊಳೆಯಬೇಡಿ. ಕಬ್ಬಿಣ ಇರುವ ನೀರಾದರೆ ಕಂದು ಇರುವಲ್ಲೆಲ್ಲ ಹೊಸದಾಗಿ ಕಪ್ಪಾಗುತ್ತದೆ. ಹೇಗೂ ಮಳೆಗಾಲ. ಮಾಡಿನ ನೀರು ಮೊದಲ ಅರ್ಧ ಗಂಟೆ ಹರಿಯಲು ಬಿಟ್ಟು ಆಮೇಲೆ ಬಕೆಟ್ಟು ಇಡಿ. ಬ್ಲೀಚಿಂಗ್ ನೀರು ಬೇಡವೇ ಬೇಡ. ತುಕ್ಕನ್ನು ಅದು ಇನ್ನೂ ಗಟ್ಟಿ ಮಾಡುತ್ತದೆ, ಹತ್ತಿಯನ್ನೂ ಸಡಿಲ ಮಾಡುತ್ತದೆ. ಪೂರ್ತಿ ಲಂಗ ಒಗೆಯಬೇಕು ಅನಿಸಿದರೆ ಅಂಟುವಾಳ ಕಾಯಿ ನೆನೆಸಿದ ನೀರು ಸಾಕು.

ನಿವೃತ್ತ ಅಂಚೆ, ಹೊಸನಗರ

ವಿಷಯಕ್ಕೆ ನೇರ ಸಂಬಂಧ ಇಲ್ಲ, ಆದರೂ ಬರೆಯುತ್ತೇನೆ. ಅಂಚೆಯಲ್ಲಿ ಬಟ್ಟೆ ತರಿಸುವುದು ಅಮೆರಿಕದವರು ಮಾತ್ರ ಮಾಡಿದ್ದಲ್ಲ. ನಮ್ಮಲ್ಲಿ ವಿಪಿಪಿ ಇತ್ತಲ್ಲ. ಪತ್ರಿಕೆಯಲ್ಲಿ ಜಾಹೀರಾತು ನೋಡಿ ಕಾರ್ಡು ಬರೆದರೆ ಪಾರ್ಸೆಲ್ಲು ಬರುತ್ತಿತ್ತು, ದುಡ್ಡು ಅಂಚೆಯವನ ಕೈಗೆ ಕೊಟ್ಟು ಬಿಡಿಸಿಕೊಳ್ಳಬೇಕು. ಸೀರೆ, ಶರ್ಟ್ ಪೀಸು, ಗಡಿಯಾರ, ಏನೆಲ್ಲ ಬರುತ್ತಿತ್ತು. ಮಳೆಗಾಲದಲ್ಲಿ ಹೊಳೆ ದಾಟಿ ಹೊತ್ತುಕೊಂಡು ಹೋದರೆ, ಮನೆಯ ಯಜಮಾನರು ನಾನು ಬರೆದೇ ಇಲ್ಲ ಅನ್ನುತ್ತಿದ್ದರು. ಒಳಗಿನಿಂದ ಮಗಳು ಇಣುಕುತ್ತಿದ್ದಳು. ವಾಪಸ್ ಹೊತ್ತುಕೊಂಡು ಬರುತ್ತಿದ್ದೆ. ಅವು ಯಾವುದಕ್ಕೂ ಪುಟ ಇಲ್ಲ, ಯಾರೂ ಸೇರಿಸಿಟ್ಟಿಲ್ಲ. ಪೆಟ್ಟಿಗೆಯವರು ಮುಂದೆ ಅದಕ್ಕೂ ಕೈ ಹಾಕಿದರೆ ನನಗೆ ಖುಷಿ.

ಹಳೇ ಪೆಟ್ಟಿಗೆ, ಶಿವಮೊಗ್ಗ

ಮೂರು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ಪಿನ್ನು ಬಂತು. ನಾಲ್ಕಲ್ಲ, ಆರು ಹೊಲಿಗೆ ಬಿಚ್ಚಬೇಕಾಯಿತು. ನಿಂಬೆರಸ ಐದು ಸಲ ಹಾಕಿದೆ. ಮೊದಲ ಎರಡು ಸಲ ಏನೂ ಆಗಲಿಲ್ಲ, ಚೊಗರಕ್ಕನಿಗೆ ಮನಸ್ಸಲ್ಲೇ ಬೈದೆ. ಮೂರನೆಯ ಸಲಕ್ಕೆ ಕಪ್ಪು ನೀರಾಗಿ ಕೆಳಗಿನ ಪಂಚೆಗೆ ಇಳಿಯಿತು. ಐದಕ್ಕೆ ನಿಲ್ಲಿಸಿದೆ. ಈಗ ಅಲ್ಲಿ ಉಳಿದಿರುವುದು ಬೇರೆ ಕಡೆಯದೇ ಕಂದು. ಪಿನ್ನು ಚುಚ್ಚಿದ್ದಲ್ಲಿ ಎರಡು ತೂತು, ಸಾಸಿವೆ ಕಾಳಿನಷ್ಟು. ತಡ ಮಾಡಿದ್ದರೆ ದೊಡ್ಡದಾಗುತ್ತಿತ್ತೇನೋ. ನೀಲಿ ಹೂವು ಒಂದು ಚೂರೂ ಬಣ್ಣ ಬಿಡಲಿಲ್ಲ.

ಒಣಗಿಸುವುದೇ ದೊಡ್ಡ ಕಥೆ. ಆಷಾಢದಲ್ಲಿ ಬಟ್ಟೆ ಒಗೆಯುವವರನ್ನು ನಮ್ಮ ಕಡೆ ಬುದ್ಧಿ ಇರುವವರು ಅನ್ನುವುದಿಲ್ಲ. ಬಚ್ಚಲು ಒಲೆಯ ಮೇಲೆ ಹಗ್ಗಕ್ಕೆ ಹಾಕಿದರೆ ಹೊಗೆ ವಾಸನೆ ಹಿಡಿಯುತ್ತದೆ. ಕೊನೆಗೆ ಒಳಕೋಣೆಯಲ್ಲಿ ಚಾಪೆಯ ಮೇಲೆ ಪಂಚೆ ಹಾಸಿ, ಲಂಗ ಹರಡಿ, ಫ್ಯಾನ್ ಹಾಕಿ ಬಿಟ್ಟೆ. ಎರಡು ದಿನ. ಯಜಮಾನರು ಸೆಕೆ ಅಂತ ಹೊರಗೆ ಮಲಗಿದರು, ಫ್ಯಾನು ಲಂಗಕ್ಕೆ.

ಹರಡಿದಾಗ ಒಂದು ವಿಷಯ ಕಂಡಿತು. ಕಲೆ ಇರುವುದು ಲಂಗದ ನಡುಭಾಗದಲ್ಲಿ. ಲಾಡಿ ಹಿಡಿದು ಅಂದಾಜು ಮಾಡಿದರೆ ಅತ್ತೆ ಕಟ್ಟುತ್ತಿದ್ದಾಗ ಆ ಜಾಗ ಹಿಂದೆ ಬರುತ್ತದೆ. ಅಜ್ಜಿ ತಿರುಗಿಸಿ, ತೆರೆದ ಕಡೆ ಬೆನ್ನಿಗೆ ಬರುವಂತೆ ಕಟ್ಟಿದ್ದಾರೆ. ಜೇಬು ಆಗ ಬಲಗೈಗೆ ಸರಿಯಾಗಿ ಸಿಗುತ್ತದೆ. ಜೇಬಿನ ಮೂಲೆ ಹೊರಳಿಸಿದೆ. ಹೊಗೆಸೊಪ್ಪಿನ ಪುಡಿ, ಒಣಗಿದ ಸುಣ್ಣದ ಚೂರು. ಅದನ್ನು ಝಾಡಿಸಲಿಲ್ಲ, ಒಂದು ಕಾಗದದ ಪೊಟ್ಟಣ ಕಟ್ಟಿಟ್ಟೆ. ಹುಚ್ಚು ಅಂದರೆ ಹುಚ್ಚು.

ಅತ್ತೆಗೆ ಫೋನ್ ಮಾಡಿ ಫೋಟೋ ಕಳಿಸಿದೆ. ನೀವು ಇದನ್ನು ಬಿಟ್ಟು ಹೋಗಿದ್ದಾ ಅಂತ ಕೇಳಿದೆ. "ಬಿಡೋದೆಲ್ಲಿ ಬಂತು, ಅಮ್ಮನೇ ಕೇಳಿ ಇಟ್ಟುಕೊಂಡಳು. ಇದಕ್ಕೆ ಜೇಬಿದೆ ಕಣೆ, ನಮ್ಮ ಸೀರೆಗೆ ಎಲ್ಲಿದೆ ಅಂದಳು" ಅಂದರು. ಯಾವ ಕಂಪನಿ ಅಂದರೆ, ವಾರ್ಡ್ ಇರಬೇಕು ಅನ್ನುತ್ತಾರೆ. ಸಿಯರ್ಸ್ ಅಂಗಡಿ ಅವರೂರಲ್ಲೇ ಇತ್ತಂತೆ, ಅದಕ್ಕೆ ಚೀಟಿ ಬರೆಯುವ ಕೆಲಸ ಇರಲಿಲ್ಲ. ಮೊದಲು ಒಂದು ಸೈಜು ದೊಡ್ಡದು ಬಂದು, ವಾಪಸ್ ಕಳಿಸಿ ಇದನ್ನು ತರಿಸಿಕೊಂಡಿದ್ದಂತೆ. ಬೆಲೆ ನೆನಪಿಲ್ಲ. ಕಲೆ ನೋಡಿ ಬೇಜಾರಾಗುತ್ತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ವರ್ಷ ಅಡಿಕೆಗೆ ರೇಟು ಹೇಗಿತ್ತು ಗೊತ್ತಾ ಅಂತ ಶುರು ಮಾಡಿದರು. ಮುಕ್ಕಾಲು ಗಂಟೆ.

ಕಾಜಾ ಗುಂಡಿ ಅಣ್ಣ, ನೂಲು ಸುಟ್ಟು ನೋಡಿದೆ. ಗುಂಡಾಯಿತು, ಪಾಲಿಯೆಸ್ಟರ್. ಕೈಹೊಲಿಗೆಯ ಫೋಟೋ ಹಾಕಿದ್ದೇನೆ, ನೋಡಿ. ಲಾಡಿ ಹಾಗೇ ಇದೆ. ಗಂಜಿ ಹಾಕಿಲ್ಲ, ಹಾಕಿದರೆ ಬೆಳ್ಳಿಹುಳ ಬರುತ್ತದೆ ಅನ್ನುವುದು ಹಿಂದೆ ಒಂದು ಫ್ರಾಕು ಕಳೆದುಕೊಂಡು ಕಲಿತಿದ್ದು. ಮಡಿಸದೆ ಸುರುಳಿ ಸುತ್ತಿ, ಹಳೆ ಪಂಚೆಯಲ್ಲಿ ಕಟ್ಟಿ, ಪಕ್ಕಕ್ಕೆ ಒಣಗಿದ ಲಕ್ಕಿ ಸೊಪ್ಪು ಇಟ್ಟಿದ್ದೇನೆ. ಪ್ಲಾಸ್ಟಿಕ್ ಕವರಿಗೆ ಹಾಕಿದರೆ ನಮ್ಮ ಮಳೆಗಾಲದಲ್ಲಿ ಒಂದೇ ತಿಂಗಳಿಗೆ ಬೂಷ್ಟು. ಅಮ್ಮನಿಗೆ ಮಸಿಬಟ್ಟೆಗೆ ನನ್ನ ಎರಡು ಹಳೆ ನೈಟಿ ಕೊಟ್ಟೆ. ಬಟ್ಟೆ ತೆಳುವಾಯಿತು, ಕೈ ಸುಡುತ್ತದೆ ಅನ್ನುತ್ತಿದ್ದಾರೆ.

ರಿಜಿಸ್ಟರಿನಲ್ಲಿ 12ನೇ ನಂಬರ್ ಕೊಟ್ಟಿದ್ದೇನೆ. ಪುಟದ ಕಾಲಂ ಇನ್ನೂ ಖಾಲಿ. ತೂಕ ಮಾಡಿದ್ದೇನೆ, ಪಿನ್ನು ಬಿಟ್ಟು 310 ಗ್ರಾಂ. ವಾರ್ಡ್‌ನ ಬೇಸಿಗೆ ಪುಸ್ತಕಗಳಲ್ಲಿ ಎರಡು ವರ್ಷದ್ದು ಹುಡುಕಿ ನೋಡಿದೆ, ಸುತ್ತುಲಂಗ ಇದೆ, ಈ ಹೂವಿಲ್ಲ. 1979, 1980, 1981ರವು ನನಗೆ ಸಿಗಲಿಲ್ಲ. ಯಾರ ಹತ್ತಿರವಾದರೂ ಇದ್ದರೆ, ಅಥವಾ ಅಲ್ಲಿರುವ ನಿಮ್ಮ ನೆಂಟರ ಅಟ್ಟದಲ್ಲಿ ಇದ್ದರೆ, ಹೆಂಗಸರ ಲಂಗದ ಪುಟಗಳ ಫೋಟೋ ಮಾತ್ರ ಕಳಿಸಿ ಸಾಕು. ಪೂರ್ತಿ ಪುಸ್ತಕ ತರಲು ಹೇಳಬೇಡಿ. ಉಪ್ಪಿನಕಾಯಿಗೆ ಜಾಗ ಇರುವುದಿಲ್ಲ.